ಟಗರುಕೊಂಬಿನ ಸೈಕಲ್ಲಿನ ಹರಕೆ

“ಗುರುಬಸವಣ್ಣಾರ, ಹ್ಯಾಂಡಲ್ಲು ತಲಿಕೆಳಗ ಹಾಕಿ ಕೊಟ್ಟಾರಲ್ರಿ ನಿಮಗ! ತಿರುಗಿ ಒಯ್ದು ಸೀದಾ ಮಾಡಿಸ್ಕೊಂಡು ಬರ್ರಿ,” ಎಂದರು ಎದುರು ಮನೆಯ ಶರಣವ್ವ. ಸೈಕಲ್ಲು ಧಾರವಾಡದ ಸಪ್ತಾಪುರದ ಆ ಓಣಿಗೆ ಬಂದು ನಿಂತು ಇನ್ನೂ ಒಂದು ನಿಮಿಷ ಆಗಿರಲಿಲ್ಲ.

“ಅದು ಹಂಗ ಇರತೈತ್ರಿ. ರೇಸಿನ ಸೈಕಲ್ಲು.”

“ರೇಸಿನವ್ರಿಗೆ ನೆಟ್ಟಗ ಕುಂಡ್ರಬೇಕು ಅನಸೂದಿಲ್ಲೇನು? ಟಗರಿನ ಕೊಂಬು ಆಗೇತಿ ನೋಡ್ರಿ. ನನ್ನ ಮೊಣಕಾಲು ಛಲೋ ಇದ್ದಿದ್ರ ನಾನ ಒಯ್ದು ಬಡಿದು ಸೀದಾ ಮಾಡಿಸ್ತಿದ್ದೆ.”

ಶರಣವ್ವನ ಮೊಣಕಾಲು ಛಲೋ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ಹ್ಯಾಂಡಲ್ಲು ಉಳಿಯಿತು.

ಸೈಕಲ್ಲು ಬಂದದ್ದು ಹುಲಗೇಶನೆಂಬ ವಿದ್ಯಾರ್ಥಿಯಿಂದ. ಯುನಿವರ್ಸಿಟಿಯಲ್ಲಿ ಸಂಶೋಧನೆ ಮುಗಿಸಿ ಊರಿಗೆ ಹೊರಟಿದ್ದ ಅವನು, ಹೊತ್ತೊಯ್ಯಲಾಗದ್ದನ್ನೆಲ್ಲ ರೂಮಿನ ಬಾಗಿಲಿಗಿಟ್ಟು ಮಾರುತ್ತಿದ್ದ. ಗುರುಬಸವ ಹೋದದ್ದು ಪುಸ್ತಕದ ಕಪಾಟು ನೋಡಲು, ಬಂದದ್ದು ಸೈಕಲ್ಲು ತಳ್ಳಿಕೊಂಡು. ಪ್ರೆಶರ್ ಕುಕ್ಕರಿನ ಬೆಲೆಗೆ ಉಕ್ಕಿನ ಚೌಕಟ್ಟಿನ ವಿದೇಶಿ ಸೈಕಲ್ಲು. ವಿದೇಶಿ ಎಂಬುದಕ್ಕೆ ಸಾಕ್ಷಿ ಅರ್ಧ ಉಜ್ಜಿಹೋದ ಒಂದು ಸ್ಟಿಕ್ಕರು. ಹುಲಗೇಶ ಉಪಯೋಗದ ಮನುಷ್ಯನಾದ್ದರಿಂದ ಅದಕ್ಕೆ ಕ್ಯಾರಿಯರು, ಸ್ಟ್ಯಾಂಡು, ಗಂಟೆ, ಚೈನಿನ ಕವರು, ಅಗಲವಾದ ಪೆಡಲು ಎಲ್ಲ ಹಾಕಿಸಿದ್ದ. ಗುರುಬಸವನ ಹೆಂಡತಿ ಶಾಂಭವಿ ಬಾಗಿಲಲ್ಲೇ ನಿಂತು, ಕ್ಯಾರಿಯರಿನ ಮೇಲೆ ಕೈಯೂರಿ ಒತ್ತಿ ನೋಡಿದಳು.

“ಛಲೋ ಆತು. ಗಿರಣಿಗೆ ಜ್ವಾಳ ಒಯ್ಯಾಕ ಆತು.”

ಗುರುಬಸವ ಹುಬ್ಬಳ್ಳಿಯ ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ ಮೊಬೈಲಿನಲ್ಲಿ ವಿಡಿಯೊ ನೋಡುವವನು. ಹಳೆಯ ಉಕ್ಕಿನ ಸೈಕಲ್ಲುಗಳನ್ನು ಸುಧಾರಿಸುವ ವಿಡಿಯೊಗಳನ್ನು ಎರಡು ವಾರ ನೋಡಿ ಅವನಿಗೊಂದು ಸತ್ಯ ಹೊಳೆದಿತ್ತು: ಸುಧಾರಣೆಯೆಂದರೆ ತೂಕ ಇಳಿಸುವುದು. ಜಗತ್ತಿನ ದೊಡ್ಡ ದೊಡ್ಡ ಸವಾರರು ಇದನ್ನು ಒಪ್ಪುತ್ತಾರೆ. ಸಪ್ತಾಪುರದಲ್ಲಿ ಒಪ್ಪುವವರು ಇರಲಿಲ್ಲ.

“ಕ್ಯಾರಿಯರ್ ಬಿಚ್ಚರಿ,” ಎಂದ, ಮೂಲೆಯ ಸೈಕಲ್ ಅಂಗಡಿಯ ಗುಲಾಬಸಾಬನಿಗೆ.

“ಯಾಕ್ರಿ, ಸಡ್ಲ ಆಗೇತೇನು?”

“ಇಲ್ಲ, ವಜ್ಜಿ ಆಗೇತಿ.”

“ಸ್ಟ್ಯಾಂಡು?”

“ಅದೂ.”

“ಗಂಟಿ?”

“ಅದೂ ವಜ್ಜಿನ.”

ಗುಲಾಬಸಾಬ ಗಂಟೆಯನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೂಗಿದ. “ಇಷ್ಟು ವರ್ಷ ಅಂಗಡಿ ನಡಿಸೇನಿ ಸಾಹೇಬ್ರ, ಹಾಕಸಾಕ ರೊಕ್ಕಾ ಕೊಟ್ಟವರನ್ನ ನೋಡೇನಿ. ಬಿಚ್ಚಸಾಕ ರೊಕ್ಕಾ ಕೊಡವ್ರು ನೀವ ಮೊದಲಿಗ್ರು. ದಿನಾ ಬರ್ರಿ.” ಬಿಚ್ಚಿದ್ದನ್ನೆಲ್ಲ ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕಿದ. “ಇಲ್ಲೇ ಇರ್ತಾವು. ಎಲ್ಲಿ ಹೋಗ್ತಾವು?”

ಬಿಚ್ಚಿದ ಮೇಲೆ ಹಾಕಿಸಿದ್ದು ಸ್ವಲ್ಪವೇ: ಬೆರಳು ದಪ್ಪದ ಟೈರು, ಚಪಾತಿ ಲಟ್ಟಣಿಗೆಯಷ್ಟು ಸಣ್ಣ ಸೀಟು, ಮತ್ತು ಬೂಟಿನ ತಳಕ್ಕೆ ಕಟ್ಟೆಂದು ಕಚ್ಚಿಕೊಳ್ಳುವ ಪೆಡಲು. ಈ ಪೆಡಲು ಅಡಿಕೆ ಕತ್ತರಿಯಷ್ಟು ಚಿಕ್ಕದು. ಅದಕ್ಕೆಂದೇ ತಳದಲ್ಲಿ ಕಬ್ಬಿಣದ ಹಲ್ಲಿದ್ದ ಬೂಟು ಬೇರೆ ತರಿಸಬೇಕಾಯಿತು. ಸೀಟನ್ನು ಗುರುಬಸವ ಅಡಿಗೆಮನೆಯ ತಕ್ಕಡಿಯಲ್ಲಿ, ಬೆಲ್ಲ ಇಳಿಸಿ ಆ ಜಾಗದಲ್ಲಿಟ್ಟು ತೂಗಿದ. ಶಾಂಭವಿ ನೋಡಿದಳು. ಬೆಲ್ಲವನ್ನು ಮತ್ತೆ ಡಬ್ಬಿಗೆ ತುಂಬಿದಳು. ಆಮೇಲೆ ಅಂಗಳಕ್ಕೆ ಬಂದು ಸೈಕಲ್ಲು ನೋಡಿದಳು.

“ಜ್ವಾಳ ಎಲ್ಲಿಡ್ತೀರಿ?”

“ಇದು ಜ್ವಾಳದ ಸೈಕಲ್ ಅಲ್ಲ.”

“ಕೊತ್ತಂಬರಿ?”

“ಶಾಂಭವಿ, ನೋಡಿಲ್ಲೆ. ಎರಡು ಬೆರಳಿಲೆ ಎತ್ತತೇನಿ.” ಎತ್ತಿಯೂ ತೋರಿಸಿದ.

“ಎರಡು ಬೆರಳಿಲೆ ಎತ್ತೂದು ಏನು ಬಂತು, ಹೆಗಲ ಮ್ಯಾಲೆ ಹೊತ್ಕೊಂಡು ತಿರುಗಾವ್ರೇನು ನೀವು? ಕೇಳ್ರಿ ಇಲ್ಲೆ. ಸ್ರಾವಣ ಅಮಾಸಿ ಮುಗಿಯೂದ್ರಾಗ ಈ ಸೈಕಲ್ ಮ್ಯಾಲೆ ನಮ್ಮ ಮನಿಗೆ ಒಂದು ಸಾಮಾನು ಬರಬೇಕು. ಬರಲಿಲ್ಲ ಅಂದ್ರ ದ್ಯಾಮಣ್ಣಗ ಕೊಟ್ಟಬಿಡತೇನಿ.”

ದ್ಯಾಮಣ್ಣ ಕೈಗಾಡಿಯ ಮೇಲೆ ಗುಜರಿ ಒಯ್ಯುವವನು. ಮರುದಿನವೇ ಬಂದು, ಕೇಳದೆ ಕೇಳಿಸದೆ ಸೈಕಲ್ಲನ್ನು ಎತ್ತಿ ನೋಡಿದ. ಅವನ ಮುಖ ಬಾಡಿತು.

“ಏನ್ರೀ ಅಣ್ಣಾರ, ಇದರಾಗ ಏನೂ ಉಳಿದಿಲ್ಲಲ್ರಿ. ಹೋದ ವಾರ ನೋಡಿದಾಗ ಮೈಕೈ ತುಂಬಿಕೊಂಡು ಛಲೋ ಇತ್ತು. ಹಿಂಗ ದಿನಾ ಬಿಚ್ಚಾಕತ್ತ್ರ ಅಮಾಸ್ಯಾಗ ನಾ ಏನು ತೂಗಲಿ?”

ಗುರುಬಸವ ಹೆದರಲಿಲ್ಲ. ಒಮ್ಮೆ ಹುಬ್ಬಳ್ಳಿಯವರೆಗೆ ಗಾಳಿಯಂತೆ ಹೋಗಿ ಬಂದರೆ ಓಣಿಯೇ ಬೆರಗಾಗುತ್ತದೆ, ಓಣಿ ಬೆರಗಾದರೆ ಶಾಂಭವಿಯೂ ಬೆರಗಾಗುತ್ತಾಳೆ ಎಂಬುದು ಅವನ ಲೆಕ್ಕ. ಅದಕ್ಕೆ ಶನಿವಾರವೇ ಕಚೇರಿಯಲ್ಲಿ ಒಂದು ಜೊತೆ ಬಟ್ಟೆ ಇಟ್ಟು ಬಂದ. ಸೋಮವಾರ ಬೆಳಗಾಗುತ್ತಿದ್ದಂತೆ ಜಳಕ ಮಾಡಿ, ರೂಢಿಯಂತೆ ವಿಭೂತಿ ಹಚ್ಚಿ, ಹೊಟ್ಟೆ ಹಗುರಿರಲೆಂದು ನಾಷ್ಟಾ ಬಿಟ್ಟು, ಮೈಗಂಟುವ ಸವಾರರ ಚಡ್ಡಿ ತೊಟ್ಟು, ಅದು ಓಣಿಗೆ ಹೊಸದಾದ್ದರಿಂದ ಮೇಲೊಂದು ಬಿಳಿ ಟವೆಲ್ಲು ಸುತ್ತಿಕೊಂಡು ಹೊರಬಿದ್ದ. ಸ್ಟ್ಯಾಂಡು ಇಲ್ಲದ ಸೈಕಲ್ಲು ಶರಣವ್ವನ ಗೇಟಿಗೆ ಒರಗಿತ್ತು. ಗೇಟಿನ ಒಳಗೆ ಶರಣವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು.

“ಇಷ್ಟು ನಸುಕಿಲೆ ಎಲ್ಲಿಗೆ?”

“ಹುಬ್ಬಳ್ಳಿಗ್ರಿ.”

“ಸೈಕಲ್ ಮ್ಯಾಲೆ?” ಶರಣವ್ವ ತಂಬಿಗೆ ಕೆಳಗಿಟ್ಟರು. ವಿಭೂತಿ ನೋಡಿದರು, ಬಿಳಿ ಟವೆಲ್ಲು ನೋಡಿದರು. “ನಾಷ್ಟಾ ಆತೇನ್ರಿ?”

“ಇಲ್ರಿ. ಹಂಗ ಹೊಂಟೇನಿ.”

“ಸ್ರಾವಣ ಸೋಮಾರ... ಉಪಾಸ... ಮೈ ದಂಡಿಸ್ಕೊಂಡು ಹೋಗೂದು...” ಶರಣವ್ವನ ದನಿ ಇಳಿಯಿತು. “ಸಿದ್ಧಾರೂಢ ಅಜ್ಜನ ಮಠಕ್ಕೇನ್ರಿ? ಹರಕಿ?”

ಶ್ರಾವಣದ ಸೋಮವಾರಗಳಲ್ಲಿ ಧಾರವಾಡದಿಂದ ಹುಬ್ಬಳ್ಳಿ ಮಠಕ್ಕೆ ನಡೆದು ಹೋಗುವವರು ಎಷ್ಟೋ ಜನ. ಸೈಕಲ್ಲಿನ ಮೇಲೆ ಹೋಗುವವನೂ ಇದ್ದಾನು. ಗುರುಬಸವ ಬಾಯಿ ತೆರೆದ. ನಿಜ ಹೇಳಬೇಕೆಂದರೆ ಗೇರು, ಟೈರು, ತೂಕ ಎಲ್ಲ ವಿವರಿಸಬೇಕು. ವಿವರಿಸುವಾಗ ಟವೆಲ್ಲು ಸಡಿಲಾಗುತ್ತಿತ್ತು.

“ಹೂಂನ್ರಿ,” ಎಂದ.

“ಏನು ಹರಕಿ?”

“ಅದು... ಹೇಳಬಾರದಲ್ರಿ.”

“ಹೌದು, ಹೌದು! ಹೇಳಬ್ಯಾಡ್ರಿ. ಹೇಳಿದ್ರ ಫಲಾ ಹೊಕ್ಕೈತಿ,” ಎಂದು ಶರಣವ್ವ ಕೆನ್ನೆ ಕೆನ್ನೆ ಬಡಿದುಕೊಂಡು, ದಾರಿಗೆ ಒಂದು ತಂಬಿಗೆ ನೀರು ಚೆಲ್ಲಿ ಬೀಳ್ಕೊಟ್ಟರು. ಹೂಂ ಎಂದ ತಪ್ಪಿಗೆ ಗುರುಬಸವ ವಿದ್ಯಾನಗರ ದಾಟಿ ಮಠದವರೆಗೂ ತುಳಿದು, ಕೈಮುಗಿದು, ಆಮೇಲೆ ಕಚೇರಿಗೆ ಬಂದ. ಹೇಳಬಾರದ ಹರಕೆಯಷ್ಟು ಬೇಗ ಸುತ್ತುವ ಸುದ್ದಿ ಇನ್ನೊಂದಿಲ್ಲ ಎಂಬುದು ಅವನಿಗೆ ಸಂಜೆ ಮನೆಗೆ ಬಂದಾಗ ಗೊತ್ತಾಯಿತು.

ಓಣಿಯಲ್ಲಿ ಆಗಲೇ ಮೂರು ಪಂಗಡವಾಗಿತ್ತು. ಮೂತ್ರಪಿಂಡದಲ್ಲಿ ಹರಳು ಎನ್ನುವವರು ಕೆಲವರು, ಪ್ರಮೋಶನ್ನು ಎನ್ನುವವರು ಕೆಲವರು. ಉಳಿದವರು ಏನೂ ಎನ್ನದೆ ಶಾಂಭವಿಯನ್ನು ಕರುಣೆಯಿಂದ ನೋಡುತ್ತಿದ್ದರು.

“ಯಾವ ಹರಕಿ ಅಂತ ನಾ ಕೇಳಾಂಗಿಲ್ಲ,” ಎಂದಳು ಶಾಂಭವಿ, ಚಹಾ ಮುಂದಿಡುತ್ತ. “ಆದ್ರ ಹಿಡಿದ ಮ್ಯಾಲೆ ಸ್ರಾವಣದ ಸೋಮಾರ ಅಷ್ಟೂ ಮಾಡ್ರಿ. ನಡುವ ಬಿಟ್ರ ಮನಿಗೆ ಛಲೋ ಅಲ್ಲ.”

“ಅಷ್ಟೂ?”

“ಕಡೇ ಸೋಮಾರ ಅಮಾಸ್ಯಾಗ ಬಂದೈತಿ. ಛಲೋ ಯೋಗ.”

ಎರಡನೆಯ ಸೋಮವಾರ ಗುರುಬಸವ ಬೂಟು ಹಾಕಿ ಕಟ್ಟೆಂದು ಪೆಡಲಿಗೆ ಕಚ್ಚಿಸಿದ. ಗೇಟಿನಿಂದ ಶರಣವ್ವನ ಚೀರು ಕೇಳಿತು.

“ಅಯ್ಯ! ಹರಕಿ ಹೊತ್ತವ್ರು ಕಾಲಾಗ ಮೆಟ್ಟತಾರೇನ್ರಿ? ಬಿಡ್ರಿ ಅವನ್ನ!”

ಬೂಟು ಪೆಡಲಿಗೆ ಕಚ್ಚಿಕೊಂಡಿದ್ದರಿಂದ ಗುರುಬಸವನಿಗೆ ಕಾಲು ಇಳಿಸಲಾಗಲಿಲ್ಲ. ಅವನು ಸೈಕಲ್ಲು ಸಮೇತ ನಿಧಾನವಾಗಿ, ಗೌರವದಿಂದ, ಶರಣವ್ವನ ದಾಸವಾಳದ ಗಿಡಕ್ಕೆ ಒರಗಿದ. “ನೋಡ್ರಿ, ಅಜ್ಜ ಅಲ್ಲೇ ಕೆಡವಿದ,” ಎಂದರು ಶರಣವ್ವ. “ಈ ಟವೆಲ್ ಯಾಕ? ನಮ್ಮನಿಯವರ ಧೋತರ ಐತಿ, ಉಟ್ಕೊಂಡು ಹೋಗ್ರಿ.”

ಅಡಿಕೆ ಕತ್ತರಿಯಂಥ ಪೆಡಲಿನ ಮೇಲೆ ಬರಿಗಾಲಿಟ್ಟು ತುಳಿಯುವುದು ಹೇಗಿರುತ್ತದೆ ಎಂದು ಯಾವ ವಿಡಿಯೊದಲ್ಲೂ ಹೇಳಿಲ್ಲ. ಗುರುಬಸವ ನವಲೂರಿನವರೆಗೆ ತಡೆದುಕೊಂಡ. ಅಲ್ಲಿ ಚೈನು ಶರಣವ್ವನ ಯಜಮಾನರ ಧೋತರದ ಅಂಚನ್ನು ಹಿಡಿಯಿತು. ಮೊದಲು ಅಂಚು, ಆಮೇಲೆ ಚುಂಗು, ಆಮೇಲೆ ಕಚ್ಚೆ. ಧೋತರ ಪೂರ್ತಿ ಒಳಗೆ ಹೋದ ಮೇಲೆ ಸೈಕಲ್ಲು ನಿಂತಿತು. ಹೊಲಕ್ಕೆ ಹೊರಟಿದ್ದ ಒಬ್ಬಾಕೆ ನಿಂತು ನೋಡಿ, “ಪಾಪ, ಭಾಳ ಕಠಿಣ ಹರಕಿ,” ಎಂದು ಮುಂದೆ ನಡೆದಳು. ಆ ಹೊತ್ತಿಗೆ ಗುರುಬಸವನಿಗೆ ಒಳಗಿನ ಚಡ್ಡಿಯೊಂದೇ ಆಸರೆ. ಅಂತೂ ಅದೊಂದು ಉಪಯೋಗಕ್ಕೆ ಬಂತು.

ಗುರುಬಸವ ಹೇಗೋ ಮಠ ಮುಟ್ಟಿ ಬಂದ ಮೇಲೆ, ಗುಲಾಬಸಾಬ ಗೋಡೆಯ ಮೊಳೆಯಿಂದ ಅಗಲವಾದ ಪೆಡಲನ್ನೂ ಚೈನಿನ ಕವರನ್ನೂ ಇಳಿಸಿದ. “ಹೇಳಿದ್ನಲ್ರಿ, ಇಲ್ಲೇ ಇರ್ತಾವಂತ.”

“ಈ ತಿಂಗಳ ಮಟ್ಟಿಗೆ ಅಷ್ಟ. ಆಮ್ಯಾಲೆ ತಗಸ್ತೇನಿ.”

“ತಗಸ್ರಿ, ತಗಸ್ರಿ. ನನಗ ಎರಡೂ ಕೆಲಸನ.”

ಅತ್ತ ಕಚೇರಿಯಲ್ಲಿ ಸಂಘಮಿತ್ರಾ ಮೇಡಂ ಕರೆಕಳಿಸಿದರು. ಮೇಡಂ ವಿಭಾಗದ ಮುಖ್ಯಸ್ಥೆ, ಖಡಕ್ಕು, ಧಾರವಾಡದಿಂದಲೇ ದಿನಾ ಬಂದು ಹೋಗುವವರು. ಅವರ ತಾಯಿ ಗುಡ್ಡವ್ವ ಮತ್ತು ಶರಣವ್ವ ಇಬ್ಬರೂ ಒಂದೇ ಮೊಣಕಾಲು ಡಾಕ್ಟರರ ಬೆಂಚಿನ ಮೇಲೆ ಕಾಯುವವರಾದ್ದರಿಂದ ಮೇಡಂಗೆ ಎಲ್ಲವೂ ತಿಳಿದಿತ್ತು.

“ಗುರುಬಸವ, ಸೋಮಾರ ತಾಸು ತಡಾ ಮಾಡಿ ಬರ್ರಿ, ಅಡ್ಡಿಯಿಲ್ಲ. ಹರಕಿ-ಗಿರಕಿ ನಾ ನಂಬಾಂಗಿಲ್ಲ. ಬ್ಯಾರೆಯವರ ನಂಬಿಕಿಗೆ ಅಡ್ಡ ಬರಾಂಗೂ ಇಲ್ಲ.” ಮೇಜಿನ ಕೆಳಗಿನಿಂದ ಒಂದು ತೆಂಗಿನಕಾಯಿ ತೆಗೆದರು. “ಇದು ನಮ್ಮವ್ವಂದು. ಮೊಣಕಾಲು ನೋವು ಕಡಿಮಿ ಆಗಲಿ ಅಂತ. ನಾ ನಂಬಾಂಗಿಲ್ಲ ಅಂತ ಮತ್ತೊಮ್ಮೆ ಹೇಳತೇನಿ. ಮರೀಬ್ಯಾಡ್ರಿ.”

ಯಾರಾದರೂ ಮಠಕ್ಕೆ ಹೊರಟರೆ ಅವರ ಕೈಯಲ್ಲಿ ನಮ್ಮದೂ ಒಂದು ಕಾಯಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಹೋಗುವವನು ಬೇಡವೆನ್ನುವಂತಿಲ್ಲ. ಮೂರನೆಯ ಸೋಮವಾರ ಓಣಿಯ ಐದಾರು ಮನೆಯ ಕಾಯಿಗಳು ಬಂದವು. ಶರಣವ್ವನದು ಅರಿಷಿಣ ಹಚ್ಚಿದ ಕಾಯಿ, ರಾಯಚೂರಿನಲ್ಲಿದ್ದ ಮಗ ಶಿವಯೋಗೀಶನಿಗೆ ಧಾರವಾಡಕ್ಕೆ ವರ್ಗವಾಗಲೆಂದು. ಗುಡ್ಡವ್ವನದಕ್ಕೆ ಕುಂಕುಮ. ಉಳಿದವಕ್ಕೂ ಒಂದೊಂದು ಗುರುತು. ಕ್ಯಾರಿಯರು ಇಲ್ಲದ್ದರಿಂದ ಎರಡು ಕೈಚೀಲ ತುಂಬಿ ಹ್ಯಾಂಡಲ್ಲಿನ ಎರಡು ಕೊಂಬಿಗೆ ನೇತುಹಾಕಿದರು.

ಉಣಕಲ್ಲಿನ ಇಳಿಜಾರಿನಲ್ಲಿ ಎಡಗಡೆಯ ಚೀಲದ ಕಿವಿ ಹರಿಯಿತು. ಭಾರ ತಪ್ಪಿ ಸೈಕಲ್ಲು ಬಲಕ್ಕೆ ಹೊರಳಿ ಆ ಚೀಲವೂ ಬಿಚ್ಚಿಕೊಂಡಿತು. ಎರಡು ದಿನದ ಮಳೆಯ ರಾಡಿಯಲ್ಲಿ ಕಾಯಿಗಳೆಲ್ಲ ಒಂದರ ಹಿಂದೊಂದು ಹೊರಳುತ್ತ, ಚಿಗರಿ ಬಸ್ಸಿಗೆಂದೇ ನಡುರಸ್ತೆಯಲ್ಲಿ ಬೇರೆ ಮಾಡಿದ ದಾರಿಗೆ ನುಗ್ಗಿದವು. ಬರುತ್ತಿದ್ದ ಬಸ್ಸು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿದ.

“ಕಾಕಾ, ನಿಮ್ಮ ಕಾಯಿಗಳಿಗೂ ಬ್ಯಾರೆ ಲೈನು ಬೇಕೇನ್ರಿ?”

ರಸ್ತೆಯವರೆಲ್ಲ ಓಡಾಡಿ ಕಾಯಿ ಆರಿಸಿ ಕೊಟ್ಟರು. ಒಂದೂ ಒಡೆದಿರಲಿಲ್ಲ. ದೇವರಿಗೆ ರಾಡಿ ಕಾಯಿ ಒಯ್ಯುವುದು ಹೇಗೆಂದು ಗುರುಬಸವ ಹತ್ತಿರದ ನಲ್ಲಿಯ ಕೆಳಗೆ ಹಿಡಿದು, ಒಂದೊಂದನ್ನೂ ಭಕ್ತಿಯಿಂದ ತಿಕ್ಕಿ ತಿಕ್ಕಿ ತೊಳೆದ. ಕೊನೆಯದನ್ನು ತೊಳೆದು ಮುಗಿಸಿದಾಗ, ಅರಿಷಿಣ, ಕುಂಕುಮ ಎಲ್ಲ ಗಟಾರದಲ್ಲಿ ಹರಿದು ಹೋಗುತ್ತಿದ್ದದ್ದು ಕಾಣಿಸಿತು.

ಮಠದಲ್ಲಿ ಕಾಯಿ ಒಡೆಯುವವರು ಕೇಳಿದರು, “ಇದು ಯಾರ ಹೆಸರ್ಲೆ?”

ಗುರುಬಸವ ಕಾಯಿಯ ಮೂರು ಕಣ್ಣು ನೋಡಿದ. “ಇದು... ವರ್ಗಾವಣಿದು ಇರಬೇಕ್ರಿ. ಅದು ಮೊಣಕಾಲಿಂದು. ಅಥವಾ ಇದು ಮೊಣಕಾಲಿಂದು. ಇಲ್ಲ, ಒಡೀರಿ, ಒಡೀರಿ. ಅಜ್ಜಗ ಗೊತ್ತಿರತೈತಿ.”

ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಗುರುವಾರ ಸಂಘಮಿತ್ರಾ ಮೇಡಂ ಅವರಿಗೆ ಧಾರವಾಡಕ್ಕೆ ವರ್ಗಾವಣೆಯ ಆದೇಶ ಬಂತು. ಅವರು ಕೇಳಿರಲೇ ಇಲ್ಲ. ಅದೇ ದಿನ ಶರಣವ್ವ ಗೇಟು ಹಿಡಿಯದೆ ರಸ್ತೆ ದಾಟಿ ಬಂದರು.

“ಶಾಂಭವೀ, ನೋಡವಾ, ನನ್ನ ಮೊಣಕಾಲು ಹೂವಿನಂಗ ಆಗೇತಿ! ಶಿವಯೋಗೀಶಂದು ಇನ್ನೂ ಆಗಿಲ್ಲ. ಇರ್ಲಿ, ಅಜ್ಜ ಮೊದಲು ತಾಯಿ ಕಡೆ ನೋಡ್ಯಾನ!”

ಮೇಡಂ ಆದೇಶ ಹಿಡಿದು ಗುರುಬಸವನ ಮೇಜಿಗೇ ಬಂದರು. “ನಾ ನಂಬಾಂಗಿಲ್ಲ,” ಎಂದರು. “ಅವ್ವನ ಮೊಣಕಾಲು ಹಂಗ ಐತಿ. ಆದ್ರ ನಾ ಸಂಜಿ ಐದೂವರಿಗೆ ಮನ್ಯಾಗ ಇರ್ತೇನಂತ ಅಕಿ ಕುಣಿಯಾಕತ್ತಾಳ. ನೀವು ಅಲ್ಲೆ ಏನು ಬೇಡ್ಕೊಂಡ್ರಿ, ಖರೇ ಹೇಳ್ರಿ?”

“ಹೇಳಬಾರದ್ರಿ ಮೇಡಂ.”

ಇಷ್ಟಾದ ಮೇಲೆ ಸೈಕಲ್ಲು ಸೈಕಲ್ಲಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಕಳಿಸಿದ ಕಾಯಿಗೂ ಈ ಸೈಕಲ್ಲಿನ ಮೇಲೆ ಹೋದ ಕಾಯಿಗೂ ವ್ಯತ್ಯಾಸವಿದೆ ಎಂದು ಓಣಿಯೇ ತೀರ್ಮಾನಿಸಿತು. ಕಾಯಿ ಮತ್ತೆ ಬೀಳಬಾರದೆಂದು ಕ್ಯಾರಿಯರು ಬೇಕಾಯಿತು. ಕಾಯಿ ಹೊತ್ತ ಸೈಕಲ್ಲನ್ನು ಎಲ್ಲೆಂದರಲ್ಲಿ ಒರಗಿಸಬಾರದೆಂದು ಸ್ಟ್ಯಾಂಡು ಬೇಕಾಯಿತು. ಬರುತ್ತಿರುವುದು ನಾಲ್ಕು ಮಂದಿಗೆ ತಿಳಿಯಲೆಂದು ಗಂಟೆ. ಲಟ್ಟಣಿಗೆ ಸೀಟಿನ ಮೇಲೆ ಶರಣವ್ವ ತಾವೇ ಹೊಲಿದ ಕೌದಿಯ ತುಂಡು ಹಾಸಿದರು. ಗುಲಾಬಸಾಬನ ಗೋಡೆಯ ಮೊಳೆ ಖಾಲಿಯಾಯಿತು.

“ಎಲ್ಲಾ ಹಾಕಿದೆ ಸಾಹೇಬ್ರ. ಆ ಹುಡುಗ ಮಾರಿದಾಗ ಹೆಂಗಿತ್ತು, ಹಂಗ ಆತು ನೋಡ್ರಿ. ಕ್ಯಾ ಸುಧಾರಣಾ!”

ದ್ಯಾಮಣ್ಣ ಬಂದು ಎತ್ತಿ ನೋಡಿದ. ಎರಡೂ ಕೈ ಹಚ್ಚಬೇಕಾಯಿತು. ಅವನ ಮುಖ ಅರಳಿತು. “ಈಗ ಬಂತ ನೋಡ್ರಿ ತೂಕಾ! ಅಕ್ಕಾರ, ಅಮಾಸಿ ಸಂಜೀಕ ಬರ್ತೇನ್ರಿ.”

ಕೊನೆಯ ಸೋಮವಾರ ಗುರುಬಸವ ಧೋತರ ಉಟ್ಟು, ಬರಿಗಾಲಿನಲ್ಲಿ, ಕ್ಯಾರಿಯರಿನ ಮೇಲೆ ಎರಡು ಗೋಣಿಚೀಲ ಕಾಯಿ ಹೇರಿ, ಹ್ಯಾಂಡಲ್ಲಿನ ಕೊಂಬಿಗೊಂದು ಕೈಚೀಲ ನೇತುಹಾಕಿಕೊಂಡು ಹೊರಟಾಗ ಓಣಿಯವರು ಸಾಲಾಗಿ ನಿಂತು ಬೀಳ್ಕೊಟ್ಟರು. ನಡೆದು ಹೋಗುವವರು ಅವನನ್ನು ಹಿಂದೆ ಹಾಕಿ ಹೋದರು. ಭೈರಿದೇವರಕೊಪ್ಪದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವನೊಬ್ಬ ಆ ಹೇರನ್ನು ನೋಡಿ, ತನ್ನ ಗಾಡಿಯಲ್ಲಿದ್ದ ಕಾಯಿಯೊಂದನ್ನು ಇವನ ಕೊಂಬಿನ ಚೀಲಕ್ಕೆ ಹಾಕಿದ.

“ನಂದೂ ಒಂದು ಇರ್ಲಿ ಕಾಕಾ!”

“ಅಲ್ಲಪಾ, ಹೆಸರು? ಯಾತಕ್ಕ ಅಂತ ಬೇಡ್ಕೊಳ್ಳಲಿ?”

ಸಿಗ್ನಲ್ಲು ಹಸಿರಾಯಿತು. ಆಟೋ ಹೋಯಿತು.

ಸಂಜೆ ಓಣಿಗೆ ತಿರುಗಿ ಬಂದವನು ಮನೆಮನೆಯ ಗೇಟಿಗೆ ನಿಂತು, ಗಂಟೆ ಬಾರಿಸಿ, ಒಡೆದ ಕಾಯಿಯ ಹೋಳು ಒಪ್ಪಿಸುತ್ತ ಬಂದ. ತನ್ನ ಮನೆ ತಲುಪುವ ಹೊತ್ತಿಗೆ ಕ್ಯಾರಿಯರು ಖಾಲಿ. ಕಟ್ಟೆಯ ಮೇಲೆ ಶಾಂಭವಿ ಕೂತಿದ್ದಳು. ಗೇಟಿನ ಪಕ್ಕ ಕೈಗಾಡಿ ನಿಲ್ಲಿಸಿ ದ್ಯಾಮಣ್ಣ ತಕ್ಕಡಿಯ ಕೊಂಡಿ ಸರಿಮಾಡುತ್ತಿದ್ದ.

“ನಾ ಏನಂದಿದ್ದೆ ನೆನಪೈತೇನು?” ಎಂದಳು ಶಾಂಭವಿ.

“ಏನು?”

“ಅಮಾಸಿ ಮುಗಿಯೂದ್ರಾಗ ನಮ್ಮ ಮನಿಗೆ ಒಂದು ಸಾಮಾನು ಬರಬೇಕು ಅಂದಿದ್ದೆ. ಊರ ಮಂದಿ ಕಾಯಿ ಒಯ್ದ್ರಿ, ಊರ ಮಂದಿಗೆ ತಂದು ಕೊಟ್ರಿ. ನಮ್ಮ ಮನಿಗೆ ಏನು ಬಂತು?”

ಗುರುಬಸವ ಕ್ಯಾರಿಯರು ನೋಡಿದ. ಗೋಣಿಚೀಲ ಕೊಡವಿದ. ನಾರು ಉದುರಿತು. ಇಡೀ ಶ್ರಾವಣ ಎತ್ತಿನಂತೆ ಹೊತ್ತವನು ತನ್ನ ಮನೆಯದೊಂದು ಕಾಯಿ ಒಯ್ಯಬೇಕೆಂಬುದನ್ನೇ ಮರೆತಿದ್ದ. ದ್ಯಾಮಣ್ಣ ಎದ್ದು ನಿಂತ. ಆಗ ಕೊಂಬಿಗೆ ಜೋತಿದ್ದ ಚೀಲ ಕಣ್ಣಿಗೆ ಬಿತ್ತು. ಗುರುಬಸವ ಕೈ ಹಾಕಿ ಎರಡು ಹೋಳು ಹೊರತೆಗೆದ.

“ಇದು!”

“ಇದು ಯಾರದು?”

“ಯಾರದೂ ಅಲ್ಲ. ಆಟೋದಾಂವ ಹಾಕಿ ಹ್ವಾದ. ಮನಿ ಗೊತ್ತಿಲ್ಲ, ಹೆಸರು ಗೊತ್ತಿಲ್ಲ.”

“ಮತ್ತ ಮಠದಾಗ ಯಾರ ಹೆಸರ್ಲೆ ಒಡಿಸಿದ್ರಿ?”

ಗುರುಬಸವ ಧೋತರದ ಚುಂಗು ಹಿಂಡಿದ. “ಆಟೋದಾಂವಂದು ಅಂತ ಮೊದಲು ಅವಂಗ ಛಲೋ ಮಾಡಂತ ಬೇಡ್ಕೊಂಡೆ. ಆಮ್ಯಾಲೆ... ಇನ್ನೊಂದು ಹೋಳು ಸೈಕಲ್ಲಿನ ಹೆಸರ್ಲೆ.”

ಶಾಂಭವಿ ಹೋಳನ್ನು ಕೈಗೆ ತೆಗೆದುಕೊಂಡು, ಬಗ್ಗಿ ಮೂಸಿ ನೋಡಿದಳು. ನಗು ತಡೆಯಲು ಬೇರೆ ಕಡೆ ನೋಡಿದಳು. “ನಿಮ್ಮ ಹರಕಿ ಏನಂತ ನನಗ ಮೊದಲನೇ ಸೋಮಾರನ ಗೊತ್ತಿತ್ತು. ಟವೆಲ್ಲಿನ ಕೆಳಗ ಚಡ್ಡಿ ಕಂಡಿತ್ತು. ಮಠಕ್ಕ ಹೊಂಟಾಂವ ಅಂಥಾ ಚಡ್ಡಿ ಹಾಕ್ಕೊಂತಾನೇನು?”

“ಗೊತ್ತಿದ್ದೂ ಅಷ್ಟೂ ಸೋಮಾರ ಮಾಡ್ರಿ ಅಂದೆಲ್ಲ?”

“ಮತ್ತ ಕ್ಯಾರಿಯರ್ ಹೆಂಗ ಬರ್ತಿತ್ತು?” ಎಂದು ಅವಳು ಗೇಟಿನ ಕಡೆ ತಿರುಗಿದಳು. “ದ್ಯಾಮಣ್ಣಾ, ಸೈಕಲ್ ಇಲ್ಲಪಾ. ಮನಿಗೆ ಸಾಮಾನು ಬಂತು.”

“ಅಕ್ಕಾರ! ಈಗ ತೂಕಾ ಬಂದಿತ್ರೀ!”

“ಆ ಹಲ್ಲಿನ ಬೂಟು ಒಯ್ಯಿ. ಅದರಾಗೂ ಕಬ್ಬಿಣ ಐತಿ.”

ಗುರುಬಸವ ಏನೋ ಹೇಳಲು ಹೊರಟ. ಅಷ್ಟರಲ್ಲಿ ಶರಣವ್ವ ಲಗುಬಗೆಯಿಂದ ರಸ್ತೆ ದಾಟಿ ಬಂದು, ಜೋಳದ ಚೀಲವೊಂದನ್ನು ಎಡಗೊಂಬಿಗೆ ಸಿಕ್ಕಿಸಿದರು. ತೂಕ ಸರಿಹೋಗಲೆಂದು ಶಾಂಭವಿ ಒಳಗಿನಿಂದ ತಮ್ಮ ಮನೆಯ ಚೀಲ ತಂದು ಬಲಗೊಂಬಿಗೆ ಹಾಕಿದಳು. ಶರಣವ್ವ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಹ್ಯಾಂಡಲ್ಲು ಹಿಂಗ ಇರ್ಲಿ ಬಿಡ್ರಿ ಗುರುಬಸವಣ್ಣಾರ. ಚೀಲಾ ಜಾರಾಂಗಿಲ್ಲ. ಲಗೂ ಹೋಗ್ರಿ, ಗಿರಣಿ ಬಂದ್ ಮಾಡ್ತಾರ.”

ಗುರುಬಸವ ಸ್ಟ್ಯಾಂಡು ಒದ್ದು ಹೊರಟ. ಓಣಿ ಮುಗಿದು ಗಿರಣಿಯ ಕಡೆ ತಿರುಗುವಲ್ಲಿ ಒಮ್ಮೆ ಹಿಂದೆ ನೋಡಿದ. ಯಾರೂ ನೋಡುತ್ತಿರಲಿಲ್ಲ. ಬೆನ್ನು ಬಗ್ಗಿಸಿ, ಮೂಗು ಹ್ಯಾಂಡಲ್ಲಿಗೆ ತಾಗುವಂತೆ ತಗ್ಗಿ, ಜೋಳದ ಚೀಲಗಳ ನಡುವೆ ಕೈ ತೂರಿಸಿ ಕೊಂಬಿನ ಕೆಳತುದಿ ಹಿಡಿದು ತುಳಿದ. ಗಟಾರದ ಕಲ್ಲು ದಾಟುವಾಗ ಗಂಟೆ ತಾನಾಗಿಯೇ ಒಮ್ಮೆ ಟ್ರಿಣ್ ಎಂದಿತು.